ಚುಕ್ಕಿ ಕಾರ್ಡ್‌ಗೆ ನೆಟ್‌ವರ್ಕ್ ಬೇಕಾ?

ಪ್ರಶ್ನೆ: ಚಿಕ್ಕಪ್ಪ ಅಮೆರಿಕದಿಂದ ಬರುವಾಗ ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ಹಳೆಯ ಗೇಮ್ ಬಾಯ್ ಅಡ್ವಾನ್ಸ್, ಅದಕ್ಕೆ ಸಿಕ್ಕಿಸಿ ಕಾರ್ಡ್ ಎಳೆದು ಓದಿಸುವ ಇ-ರೀಡರ್, ಒಂದು ಮಾರಿಯೋ ಕ್ಯಾಸೆಟ್, ಒಂದು ಕಟ್ಟು ಕಾರ್ಡ್ ತಂದುಕೊಟ್ಟರು. ಬಲೂನ್ ಫೈಟ್ ಅನ್ನೋ ಆಟದ ಕಾರ್ಡ್‌ಗಳು ಚೆನ್ನಾಗಿ ನಡೆಯುತ್ತಿವೆ. ಮಾರಿಯೋ ಕಾರ್ಡ್ ಎಷ್ಟು ಸಲ ಎಳೆದರೂ ಹೊಸ ಲೆವೆಲ್ ಬರ್ತಿಲ್ಲ. ಸರ್ವರ್ ನಿಂತುಹೋಗಿದೆಯಾ? ನಮ್ಮ ತೋಟದಲ್ಲಿ ನೆಟ್‌ವರ್ಕ್ ಬೇರೆ ಅಷ್ಟಕ್ಕಷ್ಟೆ.
– ಓದುಗರು, ಸೋಮವಾರಪೇಟೆ

ಉತ್ತರ: ಈ ಸಲ ನೆಟ್‌ವರ್ಕ್‌ಗೆ ಬೈಯಬೇಡಿ, ಪಾಪ. ಈ ಕಾರ್ಡ್‌ಗೆ ಸರ್ವರೇ ಇಲ್ಲ. ಅಂಚಿನಲ್ಲಿ ಧೂಳು ಕೂತ ಹಾಗೆ ಒಂದು ಪಟ್ಟಿ ಕಾಣುತ್ತದೆ ಅಲ್ವಾ, ಅದು ಒಲಿಂಪಸ್ ಕಂಪನಿಯ ಡಾಟ್ ಕೋಡ್. ಡೇಟಾ ಎಲ್ಲ ಆ ಚುಕ್ಕಿಗಳಲ್ಲೇ ಇದೆ. ಉದ್ದನೆಯ ಪಟ್ಟಿಯಲ್ಲೂ ಹಿಡಿಯೋದು ಸುಮಾರು 2.2 ಕಿಲೋಬೈಟ್ ಅಷ್ಟೆ, ಅದಕ್ಕೇ ಬಲೂನ್ ಫೈಟ್‌ಗೆ 5 ಕಾರ್ಡ್, ಒಂದೊಂದಕ್ಕೂ ಎರಡು ಅಂಚು, ಒಟ್ಟು 10 ಸಲ ಎಳೆಯುವ ಕೆಲಸ.

ನಿಮ್ಮ ತೊಂದರೆ ಬೇರೆ. ಬಲೂನ್ ಫೈಟ್ ರೀಡರ್‌ನಲ್ಲೇ ಉಳಿದು ಅಲ್ಲೇ ನಡೆಯುತ್ತದೆ. ಮಾರಿಯೋ ಲೆವೆಲ್ ಮಾತ್ರ ಸೂಪರ್ ಮಾರಿಯೋ ಅಡ್ವಾನ್ಸ್ 4 ಕ್ಯಾಸೆಟ್‌ನ ಒಳಗೆ ಹೋಗಬೇಕು. ರೀಡರ್ ಕೂರೋದೇ ಕ್ಯಾಸೆಟ್ ಜಾಗದಲ್ಲಿ, ಇನ್ನು ಕ್ಯಾಸೆಟ್ ಎಲ್ಲಿ ಹಾಕೋದು? ಹಾಗಾಗಿ ಇನ್ನೊಂದು ಗೇಮ್ ಬಾಯ್ ಅಡ್ವಾನ್ಸ್ ಬೇಕು, ನಡುವೆ ಲಿಂಕ್ ಕೇಬಲ್ ಬೇಕು. ಮಗುವಿನ ಆಟಕ್ಕೆ ಇಷ್ಟೆಲ್ಲ ಸಾಮಾನು! 2002ರಲ್ಲಿ ಅಮೆರಿಕದ ಅಂಗಡಿಗೆ ಬಂದ ರೀಡರ್ 2004ಕ್ಕೆಲ್ಲ ಅಲ್ಲಿ ನಿಂತುಹೋಯಿತು, ನನ್ನ ಕೇಳಿದರೆ ಈ ರಗಳೆಗೂ ಅದರಲ್ಲಿ ಪಾಲಿದೆ. ಜಪಾನಿನಲ್ಲಿ ಮಾತ್ರ ಇನ್ನೂ ಕೆಲವು ವರ್ಷ ನಡೆಯಿತು. ಆದರೆ ಜಪಾನಿನ ಕಾರ್ಡ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಳ್ಳಬೇಡಿ, ನಿಮ್ಮ ಅಮೆರಿಕದ ರೀಡರ್ ಅದನ್ನು ಒಪ್ಪುವುದಿಲ್ಲ.

ಲೆವೆಲ್ ಆಡೋದಷ್ಟೇ ಆಸೆಯಾ? 2023ರಲ್ಲಿ ನಿಂಟೆಂಡೊದ ಹೊಸ ಕಾಲದ ಆಟದ ಯಂತ್ರ ಸ್ವಿಚ್‌ನ ಆನ್‌ಲೈನ್ ಚಂದಾದಲ್ಲಿ ಈ ಆಟ ಬಂದಾಗ ಕಾರ್ಡ್‌ನ ಲೆವೆಲ್‌ಗಳೂ ಜೊತೆಗೇ ಬಂದವು. ಅದಕ್ಕೆ ಮಾತ್ರ ನೆಟ್‌ವರ್ಕ್ ಬೇಕು, ಅದೇ ತಮಾಷೆ.

ಪ್ರಶ್ನೆ: ಕಕ್ಕಡ ತಿಂಗಳ ಮಳೆಗೆ ಇ-ರೀಡರ್ ಕಾರ್ಡ್‌ಗಳಿಗೆ ಬೂಷ್ಟು ಹಿಡಿದಿದೆ. ಒರೆಸಿ ಲ್ಯಾಮಿನೇಷನ್ ಮಾಡಿಸಲಾ?
– ಓದುಗರು, ಮಡಿಕೇರಿ

ಉತ್ತರ: ಬೇಡವೇ ಬೇಡ. ದಪ್ಪವಾದರೆ ರೀಡರ್‌ನ ಸಂದಿನಲ್ಲಿ ಜಾರುವುದಿಲ್ಲ. ಒಣಗಿದ ಮೆತ್ತನೆ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ನೀರು ಮುಟ್ಟಿಸಬೇಡಿ. ಸಣ್ಣ ಕಲೆ ಉಳಿದರೂ ಪರವಾಗಿಲ್ಲ, ಅಲ್ಪಸ್ವಲ್ಪ ಹಾಳಾದ ಚುಕ್ಕಿಗಳನ್ನು ಸರಿಪಡಿಸಿ ಓದುವ ಏರ್ಪಾಡು ಕೋಡ್‌ನಲ್ಲೇ ಇದೆ. ಬೆಚ್ಚಗಿರಲಿ ಅಂತ ಒಲೆಯ ಮೇಲಿನ ಅಟ್ಟಕ್ಕೆ ಮಾತ್ರ ಏರಿಸಬೇಡಿ, ಕಾರ್ಡ್ ಸೊಟ್ಟಗಾಗುತ್ತದೆ, ಮಸಿ ಬೇರೆ. ಗಾಳಿಯಾಡದ ಡಬ್ಬಿ, ಒಳಗೆ ಶೂ ಪೆಟ್ಟಿಗೆಯಲ್ಲಿ ಬರುತ್ತಲ್ಲ ಆ ಸಿಲಿಕಾ ಪೊಟ್ಟಣ ಎರಡು ಹಾಕಿ.

ಪ್ರಶ್ನೆ: ಮಗಳ ಅನಿಮಲ್ ಕ್ರಾಸಿಂಗ್ ಆಟದ ಅಮೀಬೋ ಕಾರ್ಡ್‌ನಲ್ಲಿ (ಇದೂ ನಿಂಟೆಂಡೊದ್ದೇ) ಚುಕ್ಕಿಯೇ ಇಲ್ಲ. ನಕಲಿಯಾ?
– ಓದುಗರು, ಕುಶಾಲನಗರ

ಉತ್ತರ: ಚುಕ್ಕಿ ಇಲ್ಲ ಅನ್ನೋದಕ್ಕೇ ನಕಲಿ ಅಲ್ಲ. ಅದರ ಒಳಗಿರೋದು ಎನ್‌ಎಫ್‌ಸಿ ಚಿಪ್, ಅಂದರೆ ಹತ್ತಿರ ಹಿಡಿದರೆ ತಂತಿಯಿಲ್ಲದೆ ಓದಿಸಿಕೊಳ್ಳುವ ಚಿಪ್, ಬರೀ 540 ಬೈಟ್‌ನದು. ಪಾತ್ರ ಆಟದಲ್ಲಿ ಮೊದಲೇ ಇರುತ್ತದೆ, ಕಾರ್ಡ್ ಬಾಗಿಲು ತೆಗೆಯುವ ಬೀಗದ ಕೈ ಅಷ್ಟೆ. ಸ್ವಿಚ್‌ನಲ್ಲಾದರೆ ಬಲಗಡೆ ಜಾಯ್-ಕಾನ್‌ನ (ಕೈಯಲ್ಲಿ ಹಿಡಿಯುವ ಕಂಟ್ರೋಲರ್) ಸ್ಟಿಕ್ ಮೇಲೆ ಇಡಲು ಹೇಳಿ. ಚಿತ್ರಕ್ಕೆ ಗೀರು ಬಿದ್ದರೆ ಚಿಂತೆಯಿಲ್ಲ, ಮಡಚಿದರೆ ಒಳಗಿನ ತಂತಿ ತುಂಡಾಗಬಹುದು.