ಅತ್ತೆಯವರು ಹೊರಗೆ ಹೋಗುವುದನ್ನೇಕೆ ಬಿಟ್ಟರು?

ಅರಸೀಕೆರೆಯಿಂದ ಓದುಗರೊಬ್ಬರು ಬರೆದಿದ್ದಾರೆ: ಅವರ ಅತ್ತೆಯವರಿಗೆ ಎಪ್ಪತ್ತೊಂದು ವರ್ಷ. ನಾಲ್ಕು ವರ್ಷದ ಹಿಂದೆ ಕಟ್ಟಿಸಿದ ಹಲ್ಲಿನ ಸೆಟ್ಟು ಸಡಿಲವಾದ ಮೇಲೆ ಅದನ್ನು ತೆಗೆದಿಟ್ಟಿದ್ದಾರೆ. ಕಾಲಿನಲ್ಲಿ ಬಲವಿದ್ದರೂ ಮದುವೆ, ದೇವಸ್ಥಾನ, ಕೊನೆಗೆ ಪಕ್ಕದ ಬೀದಿಯಲ್ಲಿರುವ ತಂಗಿಯ ಮನೆಗೂ ಹೋಗುವುದನ್ನು ಬಿಟ್ಟಿದ್ದಾರೆ. ಮನೆಯವರೆಲ್ಲ ‘ವಯಸ್ಸಾಯಿತು’ ಎನ್ನುತ್ತಾರೆ. ಹಲ್ಲು ಹೋದದ್ದರಿಂದ ಹಿರಿಯರು ಮನೆಯಲ್ಲೇ ಉಳಿದುಬಿಡುತ್ತಾರೆಯೇ ಅಥವಾ ಮನೆಯಲ್ಲೇ ಉಳಿದವರ ಬಾಯಿ ಕೆಡುತ್ತದೆಯೇ ಎಂಬುದು ಅವರ ಪ್ರಶ್ನೆ.

ಮಾನ್ಯರೇ,

ಎರಡೂ ನಿಜ. ಆದರೆ ನಿಮ್ಮ ಅತ್ತೆಯವರ ವಿಷಯದಲ್ಲಿ ಮೊದಲನೆಯದನ್ನೇ ಹಿಡಿದು ನೋಡಬೇಕೆಂದು ನನಗನಿಸುತ್ತದೆ. ಇದನ್ನು ನೇರವಾಗಿ ಪರಿಶೀಲಿಸಿದ ಅಧ್ಯಯನವೊಂದು ಜಪಾನಿನಲ್ಲಿ ನಡೆದಿದೆ. ಆಯ್ಚಿ ವೃದ್ಧಾಪ್ಯ ಅಧ್ಯಯನ ಯೋಜನೆಯವರು 2006ರಲ್ಲಿ, ಆಗಿನ್ನೂ ಓಡಾಡಿಕೊಂಡಿದ್ದ 4,390 ಹಿರಿಯರ ಹಲ್ಲಿನ ಸ್ಥಿತಿಯನ್ನು ದಾಖಲಿಸಿಕೊಂಡು, ಅವರಲ್ಲಿ ವಾರಕ್ಕೊಮ್ಮೆಯೂ ಮನೆಯಿಂದ ಹೊರಡದ ಸ್ಥಿತಿಗೆ ಬಂದವರು ಯಾರು ಎಂದು 2010ರಲ್ಲಿ ನೋಡಿದರು. 65ರಿಂದ 74 ವರ್ಷದವರಲ್ಲಿ, ಇಪ್ಪತ್ತಕ್ಕಿಂತ ಕಡಿಮೆ ಹಲ್ಲುಳಿದು ಕಟ್ಟಿಸಿದ ಹಲ್ಲನ್ನೂ ಬಳಸದವರು ಹಾಗೆ ಮನೆಯಲ್ಲೇ ಉಳಿಯುವ ಸಂಭವವು, ಇಪ್ಪತ್ತಾದರೂ ಹಲ್ಲಿದ್ದವರಿಗಿಂತ ಸುಮಾರು 1.8 ಪಟ್ಟು ಇತ್ತು. ಮೊದಲು ಹಲ್ಲು, ಆಮೇಲೆ ಮನೆ ಎಂಬ ಕಾಲಕ್ರಮ ಇದರಲ್ಲಿ ಕಾಣುವುದರಿಂದ ನಿಮ್ಮ ಪ್ರಶ್ನೆಗೆ ಇದು ಹತ್ತಿರದ ಉತ್ತರ. ಆದರೂ ಆ 1.8 ಪಟ್ಟು ಒಂದು ಅಂದಾಜು ಮಾತ್ರ, ಅದರ ಕೆಳಮಿತಿ ಒಂದು ಪಟ್ಟಿಗಿಂತ ಕೂದಲೆಳೆಯಷ್ಟೇ ಮೇಲಿತ್ತು, ಅಂದರೆ ನಿಜವಾದ ವ್ಯತ್ಯಾಸ ತೀರಾ ಚಿಕ್ಕದೂ ಇದ್ದೀತು, ಮತ್ತು 75 ದಾಟಿದವರಲ್ಲಿ ಸಂಬಂಧ ಸ್ಪಷ್ಟವಾಗಲಿಲ್ಲ ಎಂಬುದನ್ನೂ ಹೇಳಲೇಬೇಕು. ಆ ವಯಸ್ಸಿನಲ್ಲಿ ಮಂಡಿ, ಕಣ್ಣು, ಹೃದಯ ಇವೆಲ್ಲ ಸೇರಿ ಮನುಷ್ಯನನ್ನು ಮನೆಯಲ್ಲಿ ಕೂರಿಸುತ್ತವೆ, ಹಲ್ಲೊಂದರ ಪಾಲನ್ನು ಬೇರ್ಪಡಿಸುವುದು ಕಷ್ಟ.

ಹಲ್ಲು ಹೋದವರು ಏಕೆ ಹೊರಗೆ ಬರುವುದಿಲ್ಲ ಎಂಬುದನ್ನು ನಮ್ಮ ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತು ಗಮನಿಸಿದರೆ ತಿಳಿಯುತ್ತದೆ. ಕೋಸಂಬರಿಯ ಕಡಲೆಬೇಳೆ ಸಡಿಲ ಸೆಟ್ಟಿನಡಿಗೆ ಸೇರಿಕೊಂಡು ವಸಡನ್ನು ಒತ್ತುತ್ತದೆ; ಹಪ್ಪಳವನ್ನು ಸಾರಿನಲ್ಲಿ ನೆನೆಸಿಟ್ಟು ಕಾಯಬೇಕಾಗುತ್ತದೆ; ಹೋಳಿಗೆಯನ್ನು ಹಾಲಿನಲ್ಲಿ ಕಲಸಿಕೊಳ್ಳುವ ಹೊತ್ತಿಗೆ ಸಾಲಿನವರೆಲ್ಲ ಮಜ್ಜಿಗೆ ಮುಗಿಸಿರುತ್ತಾರೆ. ಎಲ್ಲರದ್ದೂ ಮುಗಿಯದೆ ಏಳಬಾರದೆಂಬುದು ನಮ್ಮ ಪದ್ಧತಿಯಾದ್ದರಿಂದ, ಇಡೀ ಸಾಲು ತನಗಾಗಿ ಕೈ ಒಣಗಿಸಿಕೊಂಡು ಕುಳಿತಿದೆ ಎಂಬ ಸಂಕೋಚ ಆ ಹಿರಿಯ ಜೀವಕ್ಕೆ ಬಿಡದೆ ಕಾಡುತ್ತದೆ. ಇದರ ಜೊತೆಗೆ ಮಾತಿನಲ್ಲಿ ತ, ದ, ಸಗಳು ಜಾರುತ್ತವೆ. ನಗುವಾಗ ಸೆರಗು ಬಾಯಿಗೆ ಬರುತ್ತದೆ. ಮುಂದಿನ ಆಮಂತ್ರಣ ಬಂದಾಗ ‘ನನಗೆ ಆಗೋದಿಲ್ಲ, ನೀವು ಹೋಗಿಬನ್ನಿ’ ಎನ್ನುವುದೇ ಸುಲಭವೆನಿಸುತ್ತದೆ, ಮತ್ತು ಆ ಮಾತಿಗೆ ಹಲ್ಲು ಕಾರಣವೆಂದು ಅವರು ಯಾರ ಮುಂದೆಯೂ ಹೇಳುವುದಿಲ್ಲ.

ಸೆಟ್ಟು ಸಡಿಲವಾದದ್ದು ಅವರ ತಪ್ಪಲ್ಲ. ಹಲ್ಲು ಕಿತ್ತ ಜಾಗದ ದವಡೆಯ ಮೂಳೆ ವರ್ಷವರ್ಷವೂ ಸವೆಯುತ್ತದೆ, ಅದರಲ್ಲೂ ಕೆಳದವಡೆಯಲ್ಲಿ ಹೆಚ್ಚು. ಅಂದು ಸರಿಯಾಗಿ ಕೂತದ್ದು ಇಂದು ತೇಲುತ್ತದೆ. ರಕ್ತದೊತ್ತಡದ ಕೆಲವು ಮಾತ್ರೆಗಳು, ಖಿನ್ನತೆಯ ಮತ್ತು ಅಲರ್ಜಿಯ ಮಾತ್ರೆಗಳು ಬಾಯಿ ಒಣಗಿಸುವುದರಿಂದಲೂ, ಜೊಲ್ಲಿನ ಹಿಡಿತವಿಲ್ಲದೆ ಸೆಟ್ಟು ನಿಲ್ಲುವುದಿಲ್ಲ. ಅಗಿಯಲಾಗದವರು ಕಾಳು, ತರಕಾರಿ ಬಿಟ್ಟು ಮೆದು ಅನ್ನ, ತಿಳಿಸಾರು, ಗಂಜಿಗೆ ಇಳಿಯುತ್ತಾರೆ. ಸಾಕಷ್ಟು ಪ್ರೋಟೀನ್ ಸಿಗದ ಸ್ನಾಯು ಕರಗುತ್ತದೆ, ಇಂದು ಬಲವಿರುವ ಕಾಲು ಆಮೇಲೆ ನಿಜವಾಗಿಯೂ ಸೋಲುತ್ತದೆ. ನೀವು ಈಗಲೇ ಬರೆದದ್ದು ಒಳ್ಳೆಯದಾಯಿತು ಎನ್ನುವುದು ಇದಕ್ಕಾಗಿ.

ಇನ್ನು ನಿಮ್ಮ ಎರಡನೆಯ ಮಾತು. ಹೊರಗೆ ಹೋಗದವರು ದಂತವೈದ್ಯರನ್ನೂ ಕಾಣುವುದಿಲ್ಲ. ಶುಚಿಯಿಲ್ಲದ ಬಾಯಿಯ ರೋಗಾಣುಗಳು ಜೊಲ್ಲಿನೊಡನೆ ಶ್ವಾಸಕೋಶಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಬಾಯಿಯ ಆರೈಕೆ ಸಿಗದವರಲ್ಲಿ ನೂರಕ್ಕೆ 19 ಮಂದಿಗೆ ನ್ಯುಮೋನಿಯಾ ಬಂದರೆ, ಆರೈಕೆ ಸಿಕ್ಕವರಲ್ಲಿ 11 ಮಂದಿಗೆ ಬಂದಿತ್ತು. ಆ ದೇಶ 1989ರಲ್ಲೇ ‘80ರ ವಯಸ್ಸಿಗೆ 20 ಹಲ್ಲು’ ಎಂಬ ಆಂದೋಲನ ಆರಂಭಿಸಿತು. 2016ರ ಸಮೀಕ್ಷೆಯ ವೇಳೆಗೆ ಆ ವಯಸ್ಸಿನ ಅರ್ಧದಷ್ಟು ಜನ ಆ ಗುರಿ ಮುಟ್ಟಿದ್ದರು. ನಮ್ಮಲ್ಲಿ ಕಣ್ಣಿನ ಪೊರೆಗೆ ಊರೂರಲ್ಲಿ ಶಿಬಿರ ನಡೆಯುತ್ತದೆ, ಹಿರಿಯರ ಹಲ್ಲಿಗೆ ಆ ಮಟ್ಟದ ಗಮನ ಸಿಗದಿರುವುದು ನನಗೆ ನೋವಿನ ಸಂಗತಿ. ಬಿಪಿಎಲ್ ಕುಟುಂಬಗಳ ಹಿರಿಯರಿಗೆ ಉಚಿತವಾಗಿ ಪೂರ್ಣ ಹಲ್ಲಿನ ಸೆಟ್ಟು ಕೊಡುವ ‘ದಂತಭಾಗ್ಯ’ ಯೋಜನೆಯನ್ನು ಕರ್ನಾಟಕ ಸರ್ಕಾರ ತಂದದ್ದು ಈ ದಿಕ್ಕಿನಲ್ಲಿ ಒಳ್ಳೆಯ ಹೆಜ್ಜೆ. ನಿಮಗೆ ಅನ್ವಯಿಸುವುದಾದರೆ ಸರ್ಕಾರಿ ಆಸ್ಪತ್ರೆಯ ದಂತ ವಿಭಾಗದಲ್ಲಿ ವಿಚಾರಿಸಿ.

ಹೊಸ ಸೆಟ್ಟೇ ಬೇಕೆಂದಿಲ್ಲ. ಹಳೆಯದಕ್ಕೆ ಒಳಪದರ ಹಾಕಿ ಬಿಗಿ ಮಾಡಿಕೊಡಲು ಹಲವು ಸಲ ಸಾಧ್ಯವಾಗುತ್ತದೆ. ಆದ್ದರಿಂದ ತೆಗೆದಿಟ್ಟ ಸೆಟ್ಟನ್ನೂ ಅವರು ದಿನವೂ ನುಂಗುವ ಮಾತ್ರೆಗಳ ಚೀಟಿಯನ್ನೂ ಜೊತೆಗೆ ಒಯ್ಯಿರಿ. ವಸಡು, ನಾಲಿಗೆ, ಕೆನ್ನೆಯ ಒಳಭಾಗವನ್ನು ಪೂರ್ತಿ ನೋಡಲು ಹೇಳಿ, ಅದರಲ್ಲೂ ಅವರಿಗೆ ಎಲೆಅಡಿಕೆ, ಹೊಗೆಸೊಪ್ಪಿನ ಅಭ್ಯಾಸವಿದ್ದರೆ. ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ ತಡಮಾಡಬೇಡಿ. ಸೆಟ್ಟು ಸರಿಯಾದ ಮೇಲೆ ರಾತ್ರಿ ಅದನ್ನು ತೆಗೆದು, ಉಜ್ಜಿ, ತಣ್ಣೀರಿನಲ್ಲಿ ಇಡಬೇಕು. ಬಿಸಿನೀರಿನಲ್ಲಿ ಅದರ ಆಕಾರ ಕೆಡುತ್ತದೆ. ಮೊದಲ ಕೆಲವು ವಾರ ಮನೆಯಲ್ಲೇ ಮೆದುವಾದುದನ್ನು ಎರಡೂ ಕಡೆ ಅಗಿದು ರೂಢಿಮಾಡಿಕೊಳ್ಳಲಿ, ಆಮೇಲೆ ಮೊದಲು ತಂಗಿಯ ಮನೆಗೆ ಕರೆದೊಯ್ಯಿರಿ. ಮದುವೆಯ ಪಂಕ್ತಿಗೆ ಅವಸರಪಡಿಸಬೇಡಿ.

— ಸಂಪಾದಕರು