ರಕ್ತದಲ್ಲಿ ಕ್ಯಾಲ್ಸಿಯಂ ನಾರ್ಮಲ್ ಇದ್ದರೂ ಅಮ್ಮನ ಮೂಳೆ ಸವೆದಿದೆ ಅಂತಾರೆ, ಯಾವ ರಿಪೋರ್ಟ್ ನಂಬಲಿ?

ನಿಮ್ಮ ಅಮ್ಮನಿಗೆ 55, ಮುಟ್ಟು ನಿಂತು ಆರೇಳು ವರ್ಷ. ಬಚ್ಚಲಲ್ಲಿ ಜಾರಿ ಕೈ ಊರಿದ್ದಕ್ಕೇ ಮಣಿಕಟ್ಟು ಮುರಿದಿದೆ. ರಕ್ತದಲ್ಲಿ ಕ್ಯಾಲ್ಸಿಯಂ 9.3, ಫಾಸ್ಫರಸ್ ಕೂಡ ನಾರ್ಮಲ್. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನಿನಲ್ಲಿ ಮಾತ್ರ ಟಿ-ಸ್ಕೋರ್, ಅಂದರೆ ಆರೋಗ್ಯವಂತ ಯುವತಿಯರ ಮೂಳೆಗೆ ಹೋಲಿಸಿದ ಅಂಕ, -2.8. ಎರಡರಲ್ಲಿ ಯಾವುದು ಸುಳ್ಳು ಅಂತ ಕೇಳಿದ್ದೀರಿ.

ಎರಡೂ ನಿಜ. ನಾನು ಡಾಕ್ಟರ್ ಅಲ್ಲ, ಬಯೋಕೆಮಿಸ್ಟ್ರಿ ಲ್ಯಾಬಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. "ಕ್ಯಾಲ್ಸಿಯಂ ನಾರ್ಮಲ್ ಇದೆಯಲ್ಲ, ಮೂಳೆಗೇನೂ ಆಗಿಲ್ಲ" ಅಂತ ನೆಮ್ಮದಿಯಿಂದ ರಿಪೋರ್ಟ್ ಮಡಚಿಕೊಂಡು ಹೋಗುವ ಹೆಂಗಸರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು.

ಮೈಯಲ್ಲಿರುವ ಕ್ಯಾಲ್ಸಿಯಂನಲ್ಲಿ ಶೇಕಡಾ 99ರಷ್ಟು ಇರುವುದು ಮೂಳೆ, ಹಲ್ಲುಗಳಲ್ಲಿ. ರಕ್ತದಲ್ಲಿರುವುದು ಚೂರೇ ಚೂರು. ಆದರೆ ಹೃದಯ ಬಡಿಯಲು, ಸ್ನಾಯು ಕೆಲಸ ಮಾಡಲು ಆ ಚೂರು ಬೇಕೇ ಬೇಕು. ಅದಕ್ಕೇ ದೇಹ ಅದನ್ನು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ ಒಳಗೆ ಹಟಹಿಡಿದು ಕಾಯುತ್ತದೆ. ಸ್ವಲ್ಪ ಇಳಿದರೂ ಸಾಕು, ಥೈರಾಯ್ಡ್ ಹಿಂದಿರುವ ಪುಟ್ಟ ಪ್ಯಾರಾಥೈರಾಯ್ಡ್ ಗ್ರಂಥಿಗಳು ಪಿಟಿಎಚ್ ಹಾರ್ಮೋನು ಬಿಡುತ್ತವೆ, ಮೂಳೆಯಿಂದ ಕ್ಯಾಲ್ಸಿಯಂ ಕರಗಿ ರಕ್ತಕ್ಕೆ ಬರುತ್ತದೆ. ಕಣಜದಿಂದ ತೆಗೆದು ಅಡುಗೆ ಮಾಡುವ ಮನೆಯಲ್ಲಿ ತಟ್ಟೆಯ ಅನ್ನ ನೋಡಿ ಕಣಜದ ಮಟ್ಟ ಹೇಳಲಾಗುವುದಿಲ್ಲವಲ್ಲ, ಹಾಗೆ.

ಮುಟ್ಟು ನಿಂತ ಮೇಲೆ ಇದಕ್ಕೆ ಇನ್ನೊಂದು ಸೇರುತ್ತದೆ. ಮೂಳೆಯನ್ನು ಕರಗಿಸುವ ಜೀವಕೋಶಗಳಿಗೆ ಈಸ್ಟ್ರೋಜನ್ ಲಗಾಮು ಹಾಕಿರುತ್ತದೆ. ಅದು ಇಳಿದಾಗ ಮೂಳೆ ಕರಗುವಷ್ಟು ವೇಗವಾಗಿ ಕಟ್ಟಿಕೊಳ್ಳುವುದಿಲ್ಲ. ಮೊದಲ ಐದಾರು ವರ್ಷಗಳಲ್ಲೇ ಸವೆತ ಅತಿ ವೇಗ. ಇಷ್ಟಾದರೂ ರಕ್ತದ ಅಂಕಿ ಅಲುಗುವುದಿಲ್ಲ. 1940ರ ದಶಕದಲ್ಲೇ ಅಮೆರಿಕದ ವೈದ್ಯ ಫುಲ್ಲರ್ ಆಲ್ಬ್ರೈಟ್ ಇದನ್ನು ಗುರುತಿಸಿದ್ದರು: ಮುಟ್ಟು ನಿಂತವರ ಮೂಳೆ ಸವೆತದಲ್ಲಿ ಕ್ಯಾಲ್ಸಿಯಂ, ಫಾಸ್ಫರಸ್ ಎರಡೂ ಸಾಮಾನ್ಯವಾಗಿಯೇ ಇರುತ್ತವೆ.

ಹಾಗಾದರೆ ರಕ್ತಪರೀಕ್ಷೆ ದಂಡವೇ? ಖಂಡಿತ ಅಲ್ಲ. ಸವೆತಕ್ಕೆ ಬೇರೆ ಕಾರಣ ಇದೆಯೇ ಅಂತ ಅದು ತಿಳಿಸುತ್ತದೆ. ಕ್ಯಾಲ್ಸಿಯಂ 11ರ ಹತ್ತಿರ ಬಂದರೆ "ಅಬ್ಬಾ, ಚೆನ್ನಾಗಿದೆ" ಅನ್ನುವಂತಿಲ್ಲ. ಪ್ಯಾರಾಥೈರಾಯ್ಡ್‌ನಲ್ಲಿ ಗಡ್ಡೆ ಇರಬಹುದು, ಈ ವಯಸ್ಸಿನ ಹೆಂಗಸರಲ್ಲಿ ಅದು ಅಪರೂಪವಲ್ಲ. ಆಗ ಪಿಟಿಎಚ್ ನೋಡಲೇಬೇಕು. ರಕ್ತದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಕಡಿಮೆ ಇದ್ದರೆ ಕ್ಯಾಲ್ಸಿಯಂ ಅಂಕಿಯೂ ಕಡಿಮೆ ತೋರುತ್ತದೆ, ಆದ್ದರಿಂದ ಎರಡನ್ನೂ ಒಟ್ಟಿಗೆ ಓದಿ. ರಕ್ತ ತೆಗೆಯುವ ರೀತಿಯೂ ಅಂಕಿ ಬದಲಿಸುತ್ತದೆ: ತೋಳಿಗೆ ಪಟ್ಟಿ ಬಿಗಿದು ನಾಳ ಹುಡುಕುತ್ತ ಬಹಳ ಹೊತ್ತು ಬಿಟ್ಟರೆ ಕ್ಯಾಲ್ಸಿಯಂ ತುಸು ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನ ರಕ್ತ ಒಂದಿಷ್ಟು ಬೆರೆತರೂ ಸಾಕು, ರಕ್ತ ಹೆಪ್ಪುಗಟ್ಟದಿರಲೆಂದು ಅದರಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಕ್ಯಾಲ್ಸಿಯಂ ಹಿಡಿದುಕೊಂಡು ಅಂಕಿ ಪಾತಾಳಕ್ಕಿಳಿಯುತ್ತದೆ. ವಿಚಿತ್ರ ಅಂಕಿ ಬಂದರೆ ಹೆದರುವ ಮೊದಲು ಇನ್ನೊಮ್ಮೆ ರಕ್ತ ಕೊಡಿಸಿ.

ವಿಟಮಿನ್ ಡಿ, ಕಿಡ್ನಿಯ ಕ್ರಿಯಾಟಿನಿನ್, ಥೈರಾಯ್ಡಿನ ಟಿಎಸ್‌ಎಚ್, ಮೂಳೆ, ಲಿವರಿನ ಕಿಣ್ವವಾದ ಆಲ್ಕಲೈನ್ ಫಾಸ್ಫಟೇಸ್ ಪರೀಕ್ಷೆಗಳನ್ನು ಮಾಡಿಸಿದ್ದೀರಾ ಅಂತ ಡಾಕ್ಟರನ್ನು ಕೇಳಿ. ಕೊನೆಯದು ಹೆಚ್ಚಿದ್ದರೆ ಗಾಬರಿ ಬೇಡ, ಮುರಿದ ಮೂಳೆ ಕೂಡಿಕೊಳ್ಳುವಾಗಲೂ ಅದು ಏರುತ್ತದೆ. ಅಮ್ಮ ವರ್ಷಗಟ್ಟಲೆ ಬೆಳಿಗ್ಗೆ ಎದ್ದ ತಕ್ಷಣ ಗ್ಯಾಸಿನ ಮಾತ್ರೆ ನುಂಗುತ್ತಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಅದರಿಂದ ಮೆಗ್ನೀಸಿಯಂ ಇಳಿಯಬಹುದು, ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಯನ್ನು ದೇಹ ಸರಿಯಾಗಿ ಹೀರಿಕೊಳ್ಳದೆಯೂ ಹೋಗಬಹುದು.

ಊಟದ ವಿಷಯ ಚುಟುಕಾಗಿ. ಮುಟ್ಟು ನಿಂತವರಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್). 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಜೊತೆಗೆ ಹಾಲು, ಮೊಸರು, ಎಳ್ಳು. ಕೊರತೆ ಬಿದ್ದಷ್ಟಕ್ಕೆ ಮಾತ್ರೆ. ಕಾರ್ಬೊನೇಟ್ ಆದರೆ ಊಟದ ಜೊತೆ, ಥೈರಾಯ್ಡ್ ಮಾತ್ರೆಯಿಂದ ನಾಲ್ಕು ಗಂಟೆ ದೂರ.

ಆದರೆ ರಾಗಿ ಮುದ್ದೆ, ಕ್ಯಾಲ್ಸಿಯಂ ಮಾತ್ರೆಗಳಲ್ಲೇ ನಿಲ್ಲಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ. ಟಿ-ಸ್ಕೋರ್ -2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಸವೆತದ ಕಾಯಿಲೆ. ಅಮ್ಮನಿಗೆ ಮೂಳೆಯೂ ಮುರಿದಿದೆ, ಮುಂದಿನದು ಸೊಂಟ ಆಗಬಾರದು. ಸವೆತ ತಡೆಯುವ ಔಷಧಿಗಳೇ ಬೇರೆ ಇವೆ: ವಾರಕ್ಕೊಂದು ಅಲೆಂಡ್ರೊನೇಟ್ ಮಾತ್ರೆ, ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಆಸಿಡ್ ಡ್ರಿಪ್. ಇವುಗಳಲ್ಲಿ ಯಾವುದು ಹೊಂದುತ್ತದೆ ಅಂತ ಮೂಳೆ ಡಾಕ್ಟರನ್ನೋ ಎಂಡೊಕ್ರೈನಾಲಜಿಸ್ಟರನ್ನೋ (ಹಾರ್ಮೋನು ತಜ್ಞರು) ನೇರವಾಗಿ ಕೇಳಿ. ಡ್ರಿಪ್ ಹಾಕುವ ಮೊದಲು ರಕ್ತದ ಕ್ಯಾಲ್ಸಿಯಂ, ವಿಟಮಿನ್ ಡಿ, ಕಿಡ್ನಿ ಮೂರೂ ಸರಿಯಿರಬೇಕು. ಇಲ್ಲದಿದ್ದರೆ, ಔಷಧಿಯಿಂದ ಮೂಳೆ ಕರಗುವುದು ನಿಂತಾಗ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಕೈಕಾಲು ಜೋಮು, ಸೆಳೆತ ಬರಬಹುದು. ನಿಮ್ಮ ಕೈಯಲ್ಲಿರುವ 9.3 ಅಲ್ಲಿ ಕೆಲಸಕ್ಕೆ ಬರುತ್ತದೆ, ಆ ರಿಪೋರ್ಟನ್ನೂ ಫೈಲಿನಲ್ಲಿಟ್ಟುಕೊಂಡೇ ಹೋಗಿ.