ಗಡಿಯ ವಂಚನಾ ಕೇಂದ್ರಗಳಿಗೆ ಕಾವಲು ಯಾರದು?

ಪ್ರಶ್ನೆ: ಮ್ಯಾನ್ಮಾರ್‌ನ ಆನ್‌ಲೈನ್ ವಂಚನಾ ಕೇಂದ್ರಗಳ ಸುದ್ದಿ ಬಂದಾಗಲೆಲ್ಲ ಸಾ ಚಿಟ್ ತು ಎಂಬ ಹೆಸರು ಕೇಳಿಬರುತ್ತದೆ. ಈತ ಬಂಡುಕೋರನೋ, ಸರ್ಕಾರದ ಕಡೆಯವನೋ? ಇಷ್ಟೊಂದು ನಿರ್ಬಂಧಗಳಿದ್ದರೂ ಈತನ ಕೂದಲೂ ಕೊಂಕದಿರುವುದೇಕೆ?

ಉತ್ತರ: ಕಾಲಕ್ಕೆ ತಕ್ಕಂತೆ ಎರಡೂ ಆಗಿದ್ದಾನೆ. ಕರೆನ್ ಜನಾಂಗದ ಬಂಡುಕೋರ ಸಂಘಟನೆಯಾದ ಕರೆನ್ ನ್ಯಾಷನಲ್ ಯೂನಿಯನ್‌ನಿಂದ 1994ರ ಕೊನೆಯಲ್ಲಿ ಸಿಡಿದು ಮ್ಯಾನ್ಮಾರ್ ಸೇನೆಯ ಕಡೆ ವಾಲಿದ ಬೌದ್ಧ ಕರೆನ್ನರ ಬಣದಲ್ಲಿ ಈತ ಮೇಲೆ ಬಂದ. 2010ರಲ್ಲಿ ಆ ಬಣದ ಬಹುಭಾಗ ಸೇನೆಯ ಅಧೀನದ ಗಡಿ ಕಾವಲು ಪಡೆಯಾಯಿತು. 2024ರಲ್ಲಿ ಆ ಪಡೆ ಸೇನೆಯ ಸಂಬಂಧ ಕಡಿದುಕೊಂಡೆವೆಂದು ಹೇಳಿ ಕರೆನ್ ನ್ಯಾಷನಲ್ ಆರ್ಮಿ ಎಂದು ಹೆಸರು ಬದಲಿಸಿಕೊಂಡಿತಾದರೂ, ಅದೇ ಏಪ್ರಿಲ್‌ನಲ್ಲಿ ಥಾಯ್ಲೆಂಡ್ ಗಡಿಯ ಮ್ಯಾವಡಿ ಪಟ್ಟಣ ಬಂಡುಕೋರರ ವಶವಾದಾಗ ಸೈನಿಕರು ಅಲ್ಲಿಗೆ ಮರಳಲು ನೆರವಾದದ್ದು ಈ ಪಡೆಯೇ.

ಕಂಪ್ಯೂಟರಿನ ಮುಂದೆ ಕುಳಿತು ವಂಚಿಸುವವರ ಪಟ್ಟಿಯಲ್ಲಿ ಈತನನ್ನು ಹುಡುಕಿದರೆ ಸಿಗುವುದಿಲ್ಲ. ಈತನದು ಭೂಮಾಲೀಕನ ಪಾತ್ರ. ಥಾಯ್ಲೆಂಡನ್ನು ಬೇರ್ಪಡಿಸುವ ಮೊಯಿ ನದಿಯ ದಡದಲ್ಲಿ, ಚೀನಾ ಮೂಲದ ಉದ್ಯಮಿ ಶೆ ಝಿಜಿಯಾಂಗ್‌ನ ಯಾಟಾಯ್ ಕಂಪನಿಯೊಂದಿಗೆ ಸೇರಿ 2017ರಿಂದ ಕಟ್ಟಿಸಿದ ಶ್ವೆ ಕೊಕ್ಕೊ ನಗರ ಇದಕ್ಕೆ ಮಾದರಿ. ತನ್ನ ಹಿಡಿತದ ನೆಲವನ್ನು ಅಪರಾಧ ಜಾಲಗಳಿಗೆ ಗುತ್ತಿಗೆ ಕೊಡುವುದು, ವಿದ್ಯುತ್ ಮುಂತಾದ ಸೌಕರ್ಯ ಮಾರುವುದು, ಮಾನವ ಕಳ್ಳಸಾಗಣೆಗೆ ಬೆಂಬಲ ನೀಡುವುದು, ಇವು ಅಮೆರಿಕದ ಖಜಾನೆ ಇಲಾಖೆ 2025ರ ಮೇ ತಿಂಗಳಲ್ಲಿ ಈತನ ಪಡೆಯ ಮೇಲೆ ಹೊರಿಸಿದ ಆರೋಪಗಳು. ಆಗ ಈತನ ಇಬ್ಬರು ಪುತ್ರರ ಮೇಲೂ ನಿರ್ಬಂಧ ಬಿತ್ತು. ಬ್ರಿಟನ್ 2023ರ ಡಿಸೆಂಬರ್‌ನಲ್ಲೇ ಈತನನ್ನು ನಿರ್ಬಂಧಿತರ ಪಟ್ಟಿಗೆ ಸೇರಿಸಿತ್ತು.

ನಿರ್ಬಂಧವು ವಿದೇಶಿ ಬ್ಯಾಂಕಿನಲ್ಲಿರುವ ಹಣವನ್ನು ಮುಟ್ಟೀತೇ ಹೊರತು ನದಿಯ ದಡದ ಗುತ್ತಿಗೆಯನ್ನಲ್ಲ. ಗಡಿ ವ್ಯಾಪಾರದ ಹೆದ್ದಾರಿಯನ್ನು ಉಳಿಸಿಕೊಳ್ಳಲು ಸೇನೆಗೆ ಈತ ಬೇಕು. ತನ್ನ ಮೇಲೆ ಸೇನೆ ಕೈಮಾಡದಿರಲು ಈತನಿಗೆ ಸೇನೆ ಬೇಕು. 2025ರ ಫೆಬ್ರವರಿಯಲ್ಲಿ ಥಾಯ್ಲೆಂಡ್ ಗಡಿಯಾಚೆಗೆ ವಿದ್ಯುತ್, ಇಂಧನ, ಇಂಟರ್‌ನೆಟ್ ಕಡಿತಗೊಳಿಸಿದ ಮೇಲಷ್ಟೇ ಸಾವಿರಾರು ವಿದೇಶಿಯರು ಹೊರಬಂದರು. ಆದರೂ ಜನರೇಟರ್ ಮತ್ತು ಉಪಗ್ರಹ ಇಂಟರ್‌ನೆಟ್ ಕೊಡುವ ಸ್ಟಾರ್‌ಲಿಂಕ್ ಉಪಕರಣಗಳ ಬಲದಿಂದ ದಂಧೆ ಮುಂದುವರಿಯಿತು. ಆಗಾಗ ಕ್ಯಾಮೆರಾಗಳೆದುರು ನಡೆಯುವ ದಾಳಿಗಳನ್ನು ನಾನಂತೂ ಪೂರ್ತಿಯಾಗಿ ನಂಬುವುದಿಲ್ಲ.

ಪ್ರಶ್ನೆ: ಅಲ್ಲಿ ಸಿಕ್ಕಿಬಿದ್ದ ಭಾರತೀಯರು ವಂಚಕರೋ, ಬಲಿಪಶುಗಳೋ?

ಉತ್ತರ: ಹಲವರು ಎರಡೂ. ಡೇಟಾ ಎಂಟ್ರಿ ಕೆಲಸವೆಂದು ನಂಬಿ ಬ್ಯಾಂಕಾಕ್‌ನಲ್ಲಿ ಇಳಿದವರನ್ನು ಕಾರಿನಲ್ಲಿ ಥಾಯ್ಲೆಂಡಿನ ಗಡಿ ಪಟ್ಟಣ ಮೆ ಸೋಟ್‌ಗೆ ಕರೆದೊಯ್ದು, ನದಿ ದಾಟಿಸಿ, ಪಾಸ್‌ಪೋರ್ಟ್ ಕಿತ್ತುಕೊಳ್ಳುತ್ತಾರೆ. ಬಳಿಕ ಸುಂದರ ಯುವತಿಯೊಬ್ಬಳ ಫೋಟೋ ಇಟ್ಟುಕೊಂಡು ಅಪರಿಚಿತರೊಡನೆ ವಾರಗಟ್ಟಲೆ ಹರಟಿ, ಕೊನೆಗೆ ನಕಲಿ ಕ್ರಿಪ್ಟೊ ಹೂಡಿಕೆಗೆ ಒಪ್ಪಿಸುವುದೇ ಕೆಲಸ. ಗುರಿ ಮುಟ್ಟದಿದ್ದರೆ ಹೊಡೆತ, ಬಿಡಿಸಿಕೊಳ್ಳಬೇಕೆಂದರೆ ಒತ್ತೆಹಣ. ಸ್ವಇಚ್ಛೆಯಿಂದ ಹೋದವರೂ ಇದ್ದಾರೆ, ಹಾಗಾಗಿ ಪ್ರತಿಯೊಬ್ಬರನ್ನೂ ಬೇರೆಬೇರೆಯಾಗಿ ವಿಚಾರಿಸಬೇಕಾಗುತ್ತದೆ. 2025ರ ಮಾರ್ಚ್‌ನಲ್ಲಿ ವಾಯುಪಡೆಯ ವಿಮಾನಗಳಲ್ಲಿ 549 ಭಾರತೀಯರನ್ನು ಕರೆತರಲಾಯಿತು. ಥಾಯ್ಲೆಂಡಿನ ವೀಸಾರಹಿತ ಪ್ರವೇಶ ಪ್ರವಾಸಕ್ಕೆ ಮತ್ತು ಅಲ್ಪಾವಧಿಯ ವ್ಯವಹಾರಕ್ಕೆ ಮಾತ್ರ ಎಂದು ಭಾರತದ ರಾಯಭಾರ ಕಚೇರಿ ಎಚ್ಚರಿಸಿದೆ. ಆ ದಾರಿಯಲ್ಲಿ ಉದ್ಯೋಗ ಕೊಡಿಸುತ್ತೇನೆನ್ನುವ ಏಜೆಂಟ್ ಸುಳ್ಳು ಹೇಳುತ್ತಿದ್ದಾನೆ ಎಂದೇ ತಿಳಿಯಿರಿ.